ಕ್ಲಚ್ಚಿನ ಹಿಂದೆ ಸಿಕ್ಕ ತುಂಡು

ಆ ಬೈಕು ನಮ್ಮ ಗ್ಯಾರೇಜಿಗೆ ಬಂದದ್ದು ಕಬ್ಬಿನ ಹಂಗಾಮು ಜೋರಾಗಿದ್ದಾಗ. ಆ ತಿಂಗಳುಗಳಲ್ಲಿ ಜಮಖಂಡಿಯ ಸುತ್ತಿನ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಅವು ಬಂದರೆ ಬೈಕಿನವರು ಅಂಚಿನ ಮಣ್ಣಿಗೆ ಇಳಿಯಲೇಬೇಕು. ಬಾಗಿದ ಹ್ಯಾಂಡಲ್ಲು, ಒಡೆದ ಇಂಡಿಕೇಟರು, ಮುರಿದ ಫುಟ್‌ರೆಸ್ಟು ಎಂದು ನನಗೂ ನನ್ನ ಪಾಲುದಾರನಿಗೂ ಆಗ ಕೈತುಂಬ ಕೆಲಸ.

ಬೈಕು ತಂದವಳು ಸಾವಳಗಿಯ ಒಬ್ಬ ಹೆಣ್ಣುಮಗಳು, ಮೂವತ್ತರ ಆಸುಪಾಸಿನವಳು. ಮನೆಯಲ್ಲಿ ಖಡಕ್ ರೊಟ್ಟಿ ಮಾಡಿ, ದೊಡ್ಡ ಬುಟ್ಟಿಯನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದುಕೊಂಡು ಜಮಖಂಡಿಯ ಖಾನಾವಳಿಗಳಿಗೆ ತಂದು ಹಾಕುತ್ತಿದ್ದಳು. ಗಂಡ ಕುರಿ ಹಿಂಡಿನ ಜೊತೆ ಹೊಳೆಸಾಲಿಗೆ ಹೋದರೆ ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಗಾಡಿ ಮಾವನದು. ಹಳೆಯ ನೂರು ಸಿಸಿ ಬೈಕು, ಟಾಂಕಿಯ ಮೇಲೆ ಬೀರೇಶ್ವರನ ಹೆಸರು ಅರ್ಧ ಅಳಿಸಿತ್ತು.

ನನ್ನ ಪಾಲುದಾರನ ಬಾಯಿ ಸುಮ್ಮನಿರುವುದಿಲ್ಲ. "ಅಕ್ಕಾರ, ಆರಾಮ ಒಂದು ಗೇರಿಲ್ಲದ ಸ್ಕೂಟರ್ ತಗೊಳ್ಳೂದು ಬಿಟ್ಟು ಈ ಮುದಕಪ್ಪನ್ನ ಯಾಕ ಹೊಡ್ಯಾಕತ್ತೀರಿ?" ಅಂದ.

"ಅದರ ಗಾಲಿ ಸಣ್ಣೂರಿ. ತೆಗ್ಗಿನ್ಯಾಗ ಇಳದ್ರ ರೊಟ್ಟಿ ಪುಡಿಪುಡಿ ಆಗತಾವು" ಅಂದಳು. ನನಗೆ ಆಕೆಯ ಮೇಲೆ ಅಲ್ಲೇ ಸ್ವಲ್ಪ ಗೌರವ ಬಂತು.

ಗಾಡಿಗೆ ಏನಾಗಿದೆ ಎಂದು ಕೇಳಿದೆ.

"ಟಾಪಿನ್ಯಾಗ ಹೊಂಟಾಗ ಒಮ್ಮೆಲೆ ಖಾಲಿ ಓಡತೈತ್ರಿ ಅಣ್ಣಾರ. ಎಂಜಿನ್ ಒದರತೈತಿ, ಗಾಡಿ ಮುಂದ ಹೋಗೂದಿಲ್ಲ. ಮೊನ್ನೆ ಹಿಂದ ಕಬ್ಬಿನ ಟ್ರ್ಯಾಕ್ಟರ್ ಇತ್ತು. ಅಂವ ಬ್ರೇಕ್ ಹಾಕಿದ್ದಕ್ಕ ನಾ ಇವತ್ತ ಇಲ್ಲಿ ನಿಂತೇನಿ."

ಇದನ್ನು ಆಕೆ ಹೇಳಿದ ರೀತಿ ಪಂಕ್ಚರ್ ಆಗಿದೆ ಎಂದು ಹೇಳಿದ ಹಾಗಿತ್ತು. ಆದರೆ ಹೇಳುವಾಗ ಕೈ ಬುಟ್ಟಿಯ ಹಗ್ಗವನ್ನು ಗಟ್ಟಿಯಾಗಿ ಹಿಡಿದಿತ್ತು. ಬೀಳಗಿಯ ಕಡೆಯ ಒಂದು ಮದುವೆಗೆ ರೊಟ್ಟಿ ಒಪ್ಪಿಕೊಂಡಿದ್ದೇನೆ, ಅದಕ್ಕೆ ಮೊದಲು ಗಾಡಿ ಬೇಕು ಎಂದು ಹೇಳಿ ಬಸ್ಸಿಗೆ ಹೋದಳು.

ಈ ಗಾಡಿಯ ಗೇರಿನ ವಿಷಯ ಇಲ್ಲಿ ಹೇಳಬೇಕು. ಈಗಿನ ಬೈಕುಗಳಲ್ಲಿ ಟಾಪ್ ಗೇರಿಗೆ ಬಂದ ಮೇಲೆ ಪೆಡಲು ಇನ್ನೂ ಒತ್ತಿದರೆ ಏನೂ ಆಗುವುದಿಲ್ಲ. ಆ ಕಾಲದ ಕೆಲವು ಗಾಡಿಗಳಲ್ಲಿ ಹಾಗಲ್ಲ, ಗೇರು ಸುತ್ತು ತಿರುಗುತ್ತದೆ. ನ್ಯೂಟ್ರಲಿನಿಂದ ಒಂದು, ಎರಡು, ಮೂರು, ನಾಲ್ಕು. ಇನ್ನೊಮ್ಮೆ ಒತ್ತಿದರೆ ಮತ್ತೆ ನ್ಯೂಟ್ರಲ್, ಮತ್ತೂ ಒತ್ತಿದರೆ ಒಂದು. ಊರೊಳಗೆ ನಿಲ್ಲಿಸಿ ಹೊರಡುವವರಿಗೆ ಇದು ಅನುಕೂಲ. ಜೋರಾಗಿ ಓಡುವಾಗ ಮಾತ್ರ ಎಣಿಕೆ ತಪ್ಪಬಾರದು. ಆ ಗಾಡಿಗಳನ್ನು ಓಡಿಸಿ ಬೆಳೆದ ನನ್ನಂಥವರಿಗೆ ಎಣಿಕೆ ಕಾಲಿಗೇ ಬಂದಿರುತ್ತದೆ, ತಲೆಗೆ ಕೆಲಸವಿಲ್ಲ.

ಟಾಪಿನಲ್ಲಿ ಗೇರು ತಾನಾಗಿ ಜಾರುತ್ತದೆ ಅಂದರೆ ಮೊದಲು ಅನುಮಾನ ಬರುವುದು ಸ್ಟಾರ್ ಪ್ಲೇಟಿನ ಮೇಲೆ. ಗೇರು ಬದಲಿಸುವ ದಪ್ಪ ಉರುಳೆಯ ತುದಿಗೆ ನಕ್ಷತ್ರದಂತೆ ತಗ್ಗುದಿಣ್ಣೆ ಇರುವ ಒಂದು ತಟ್ಟೆ ಇರುತ್ತದೆ. ಸ್ಪ್ರಿಂಗು ಹಾಕಿದ ಪುಟ್ಟ ರೋಲರು ಆ ತಗ್ಗಿನಲ್ಲಿ ಕೂತು ಗೇರನ್ನು ಹಿಡಿದಿಡುತ್ತದೆ. ಸ್ಪ್ರಿಂಗು ಸಡಿಲಾದರೆ ಗೇರು ನಿಲ್ಲುವುದಿಲ್ಲ. ಅದನ್ನು ನೋಡಬೇಕಾದರೆ ಆಯಿಲ್ ಇಳಿಸಿ, ಬಲಗಡೆಯ ಮುಚ್ಚಳ ತೆಗೆದು, ಕ್ಲಚ್ಚನ್ನು ಪೂರ್ತಿ ಹೊರಗೆ ಹಾಕಬೇಕು.

ಹಾಕಿದೆ. ರೋಲರಿನ ಸ್ಪ್ರಿಂಗು ಖರೆಯಾಗಿಯೂ ಸಡಿಲಾಗಿತ್ತು. ಕೆಲಸ ಇಷ್ಟು ಬೇಗ ಸಿಕ್ಕಿತಲ್ಲ ಎಂದು ಖುಷಿಯಾಗಿ, ಎಂಜಿನ್ನಿನ ಕೇಸಿನ ತಳದ ರಾಡಿಯನ್ನು ಬಟ್ಟೆಯಿಂದ ಬಳಿಯುವಾಗ ಬೆರಳಿಗೆ ಏನೋ ತಾಕಿತು. ತೆಗೆದು ಪೆಟ್ರೋಲಿನಲ್ಲಿ ತೊಳೆದೆ.

ಕಿರುಬೆರಳಿನಷ್ಟು ಉದ್ದದ ಉಕ್ಕಿನ ತುಂಡು. ಒಂದು ತುದಿಯಲ್ಲಿ ತೂತು, ಇನ್ನೊಂದು ತುದಿ ಸ್ವಲ್ಪ ಬಾಗಿ, ಮೂತಿ ಸವೆದು ಮೊಂಡಾಗಿತ್ತು. ಮೈಮೇಲೆ ಅರದ ಗೆರೆಗಳು ಕಾಣುತ್ತಿದ್ದವು. ಅದರ ಜೊತೆಗೆ ತುಂಡಾದ ಸ್ಪ್ರಿಂಗಿನ ಒಂದು ಚೂರು. ಗೇರು, ಶಾಫ್ಟು, ಕಿಕ್ಕಿನ ಹಲ್ಲು ಎಲ್ಲವನ್ನೂ ತಿರುಗಿಸಿ ನೋಡಿದೆ. ಎಲ್ಲೂ ಏನೂ ಮುರಿದಿರಲಿಲ್ಲ, ಎಲ್ಲೂ ಏನೂ ಕಡಿಮೆ ಇರಲಿಲ್ಲ. ಸ್ಟಾರ್ ಪ್ಲೇಟಿನ ಅಂಚಿನಲ್ಲಿ ಒಂದು ಕಡೆ ಹಿತ್ತಾಳೆಯ ಬೆಸುಗೆ ಹಾಕಿದ ಸಣ್ಣ ಗುಬುಟು ಇತ್ತು. ಹಿಂದೆ ಯಾರೋ ಬಿರುಕು ಮುಚ್ಚಿರಬೇಕು ಎಂದು ಅದನ್ನು ಅಲ್ಲಿಗೇ ಬಿಟ್ಟೆ.

ಪಾಲುದಾರ ಆ ತುಂಡನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದ. "ಹಿಂದಿನ ಮಿಸ್ತ್ರಿ ಕೈಯಾಗಿಂದ ಬಿದ್ದೈತಿ. ಒಗೀ ಅತ್ತಾಗ" ಅಂದ.

ನನ್ನ ಸ್ವಭಾವ ಅವನಿಗೆ ಗೊತ್ತು. ಎಂಜಿನ್ ಮುಚ್ಚಿದ ಮೇಲೆ ಬೆಂಚಿನ ಮೇಲೆ ಒಂದು ವಾಷರು ಉಳಿದರೂ ನನಗೆ ಊಟ ಸೇರುವುದಿಲ್ಲ. ಕಂಪನಿಯವರು ತಪ್ಪಿ ಒಂದು ಹೆಚ್ಚಿಗೆ ಹಾಕಿದ್ದರು ಎಂದು ನಕ್ಕು ಡಬ್ಬಿಗೆ ಎಸೆಯುವ ಮಿಸ್ತ್ರಿಗಳನ್ನು ಬೇಕಾದಷ್ಟು ನೋಡಿದ್ದೇನೆ, ಅವರ ಗಾಡಿಗಳು ತಿರುಗಿ ನಮ್ಮ ಹತ್ತಿರ ಬಂದದ್ದನ್ನೂ ನೋಡಿದ್ದೇನೆ. ತುಂಡಿನ ಫೋಟೋ ತೆಗೆದು ಆಕೆಯ ಫೋನಿಗೆ ಕಳಿಸಿ, ಈ ಎಂಜಿನನ್ನು ಮೊದಲು ಯಾರು ಬಿಚ್ಚಿದ್ದರು ಎಂದು ಕೇಳಿದೆ.

ಸ್ವಲ್ಪ ಹೊತ್ತಿಗೆ ಆಕೆಯೇ ಫೋನ್ ಮಾಡಿದಳು. ನಗು ತಡೆದುಕೊಂಡು ಮಾತಾಡುತ್ತಿದ್ದಳು.

"ಬ್ಯಾರೆ ಯಾರೂ ಬಿಚ್ಚಿಲ್ರಿ, ನಮ್ಮ ಮಾವಾರ ಎಲ್ಲಾ ಮಾಡಿಕೋತಿದ್ರು. ಅವರು ಸಕ್ಕರಿ ಫ್ಯಾಕ್ಟರ್ಯಾಗ ಫಿಟ್ಟರ್ ಇದ್ರು. ಫೋಟೋ ತೋರಿಸಿದ್ನಿ. ನೋಡಿ, 'ನಾಯಿ ಅದು, ಬಿಡಬ್ಯಾಡ ಅಂತ ಹೇಳು' ಅಂದ್ರು."

"ನಾಯಿ ಏನ್ರಿ?"

"ಅವರಿಗೆ ಕಣ್ಣು ಸರಿಯಾಗಿ ಕಾಣೂದಿಲ್ರಿ, ಕಿವಿನೂ ಅಷ್ಟಕ್ಕಷ್ಟ. ಮನ್ಯಾಗ ಒಂದು ಮುಧೋಳ ನಾಯಿ ಐತಿ. ಬಿಟ್ರ ಮಂದಿ ಕುರಿ ಹಿಂದ ಓಡತೈತಿ. ದಿನಾ ಬೆಳಗಾದ್ರ ಅದನ್ನ ಬಿಡಬ್ಯಾಡ್ರಿ, ಅದನ್ನ ಬಿಡಬ್ಯಾಡ್ರಿ ಅಂತ ಗಂಟ ಬಿದ್ದಿರತಾರು. ಫೋಟೋದಾಗೂ ಅದ ಕಂಡೈತಿ."

ಮತ್ತೊಮ್ಮೆ ಕೇಳಿ ನೋಡಿ ಅಂದೆ. ಕೇಳಿದ್ದಾಯಿತು, ಅದನ್ನೇ ಹೇಳುತ್ತಾರೆ ಅಂದಳು. ಪಾಲುದಾರನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಅವನು ಎರಡು ದಿನ ಆ ತುಂಡಿಗೆ ಹೋಟೆಲಿನಿಂದ ಬಿಸ್ಕೀಟು ತಂದು ಮುಂದೆ ಇಡುತ್ತಿದ್ದ.

ಬೇರೆ ಗಾಡಿಯ ಸಾಮಾನಿಗೆ ಮುಧೋಳಕ್ಕೆ ಹೋಗುವುದಿತ್ತು, ತುಂಡನ್ನು ಜೇಬಿಗೆ ಹಾಕಿಕೊಂಡೆ. ಅಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯವನು ಪಾರ್ಟುಗಳ ಚಿತ್ರ ಇರುವ ಪುಸ್ತಕ ತೆಗೆದು ಈ ಎಂಜಿನ್ನಿನ ಹಾಳೆಗಳನ್ನೆಲ್ಲ ತಿರುವಿದ. ತುಂಡನ್ನು ಕಲ್ಲಿಗೆ ಉಜ್ಜಿ, ಉಗುರಿನಿಂದ ಬಡಿದು ನೋಡಿದ.

"ಇದನ್ನ ಯಾವ ಕಂಪನಿನೂ ಮಾಡಿಲ್ರಿ. ಕೈಲೆ ಮಾಡ್ಯಾರ. ಮಾಡಿದಂವ ಕೆಲಸ ಗೊತ್ತಿದ್ದಂವ. ಆದ್ರ ಯಾತಕ್ಕ ಮಾಡ್ಯಾನು ಅಂತ ನಾ ಹೆಂಗ ಹೇಳಲಿ?"

ಮುದುಕರು ನಾಯಿ ಅಂದದ್ದನ್ನು ನಾನು ಅಲ್ಲಿ ಹೇಳಲಿಲ್ಲ. ಮುಧೋಳದಲ್ಲಿ ನಾಯಿಯ ಮಾತು ತೆಗೆದರೆ ಅದರ ತಳಿ, ಓಟ, ತಾಯಿತಂದೆ ಎಂದು ಮಧ್ಯಾಹ್ನದವರೆಗೆ ಮುಗಿಯುವುದಿಲ್ಲ. ಹೇಳಿದ್ದರೆ ಆ ಅಂಗಡಿಯವನಿಗಾದರೂ ಹೊಳೆಯುತ್ತಿತ್ತೋ ಏನೋ.

ತಿರುಗಿ ಬಂದಾಗ ಪಾಲುದಾರ ಎಂಜಿನ್ನಿನ ಮುಂದೆ ಕೈಕಟ್ಟಿ ನಿಂತಿದ್ದ. ಹೊಸ ಸ್ಪ್ರಿಂಗು ಬಂದಿದೆ, ಮುಚ್ಚಳದ ಸಂದಿಗೆ ಹಾಕುವ ಪ್ಯಾಕಿಂಗು ಬಂದಿದೆ, ನಿನ್ನ ತನಿಖೆ ಮುಗಿಯುವ ತನಕ ಹೆಣ್ಣುಮಗಳು ಬಸ್ಸಿನಲ್ಲಿ ಬುಟ್ಟಿ ಹೊರಬೇಕೇನು ಎಂದು ಕೇಳಿದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎಂಜಿನ್ ಮುಚ್ಚಿದೆ, ಆಯಿಲ್ ಹಾಕಿದೆ, ಕುಡಚಿ ರಸ್ತೆಯಲ್ಲಿ ದೂರದವರೆಗೆ ಓಡಿಸಿ ನೋಡಿದೆ. ನಾಲ್ಕನೇ ಗೇರು ಕಚ್ಚಿ ಹಿಡಿದಂತೆ ನಿಂತಿತು. ಗಾಡಿ ರೆಡಿ ಎಂದು ಆಕೆಗೆ ಫೋನ್ ಮಾಡಿದೆ, ನಾಳೆ ಮಧ್ಯಾಹ್ನ ಬರುತ್ತೇನೆ ಅಂದಳು. ತುಂಡು ಮಾತ್ರ ಬೆಂಚಿನ ಮೇಲೆ ಉಳಿಯಿತು.

ಮರುದಿನ ಬೆಳಿಗ್ಗೆ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಇನ್ನೊಂದು ಗಾಡಿಯ ಸಿಲಿಂಡರನ್ನು ಬೋರ್ ಮಾಡಿಸಲು ಬನಹಟ್ಟಿಗೆ ಹೋದೆ. ಅಲ್ಲಿ ನಾನು ಹೋಗುವ ಲೇಥಿನ ಅಂಗಡಿಗೆ ಹೊಂದಿಕೊಂಡೇ ಪಾವರ್‌ಲೂಮ್ ಮಗ್ಗಗಳ ಶೆಡ್ಡು ಇದೆ. ಮಗ್ಗದ ಸದ್ದಿನಲ್ಲಿ ಲೇಥಿನವನ ಜೊತೆ ಮಾತಾಡಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು. ಅವನು ಸಿಲಿಂಡರನ್ನು ಮಷಿನ್ನಿಗೆ ಕಟ್ಟಿದ. ಹೊತ್ತು ಕಳೆಯಲು ನಾನು ಶೆಡ್ಡಿನ ಬಾಗಿಲಲ್ಲಿ ನಿಂತೆ.

ಒಂದು ಮಗ್ಗದಲ್ಲಿ ಬಟ್ಟೆ ಕೆಟ್ಟಿತ್ತು. ಮಗ್ಗ ನಿಲ್ಲಿಸಿ, ನೆಯ್ದ ಬಟ್ಟೆಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿತ್ತು. ನೇಕಾರ ಪಕ್ಕದ ಮಗ್ಗದವನಿಗೆ ಕೂಗಿ ಹೇಳಿದ.

"ಆ ನಾಯಿ ಎತ್ತಿ ಹಿಡೀಲೇ, ಬಟ್ಟಿ ಹಿಂದ ತಗೋತೇನಿ."

ಪಕ್ಕದವನು ಬಂದು ಮಗ್ಗದ ಬದಿಯ ಹಲ್ಲಿನ ಚಕ್ರದ ಮೇಲೆ ಕೂತಿದ್ದ ಒಂದು ಉಕ್ಕಿನ ತುಂಡನ್ನು ಬೆರಳಿನಿಂದ ಎತ್ತಿ ಹಿಡಿದ. ಚಕ್ರ ಹಿಂದಕ್ಕೆ ಸಲೀಸಾಗಿ ತಿರುಗಿತು. ಬೆರಳು ಬಿಟ್ಟ ಕೂಡಲೇ ತುಂಡಿನ ಮೂತಿ ಹಲ್ಲಿನ ಸಂದಿಗೆ ಬಿತ್ತು, ಚಕ್ರ ನಿಂತಿತು.

ನಾನು ಜೇಬಿನಲ್ಲಿ ಕೈ ಹಾಕಿ ನನ್ನ ತುಂಡನ್ನು ತೆಗೆದೆ. ಅದಕ್ಕಿಂತ ಚಿಕ್ಕದು, ಮೂತಿ ಸವೆದದ್ದು. ಆದರೆ ಜಾತಿ ಅದೇ. ಒಂದು ಕಡೆಗೆ ಹೋಗಲು ಬಿಡುವುದು, ಇನ್ನೊಂದು ಕಡೆಗೆ ಹೋದರೆ ಕಚ್ಚಿ ಹಿಡಿಯುವುದು.

ನನಗೆ ಕೆಲಸ ಕಲಿಸಿದ ಉಸ್ತಾದರು ಸೈಕಲ್ಲಿನ ಫ್ರೀವ್ಹೀಲಿನೊಳಗಿನ ಇಂಥ ತುಂಡುಗಳಿಗೆ ಹಿಂದಿಯಲ್ಲಿ 'ಕುತ್ತಾ' ಅನ್ನುತ್ತಿದ್ದರು. ಆ ಮಾತನ್ನು ನಾನು ಬದುಕಿಡೀ ಆಡಿದ್ದೇನೆ. ಸಾವಳಗಿಯ ಮುದುಕರು ಕುತ್ತಾ ಅಂದಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಅವರು ಅದನ್ನು ಅಚ್ಚ ಕನ್ನಡದಲ್ಲಿ ಹೇಳಿದರು, ಕನ್ನಡದ ನನಗೇ ತಿಳಿಯಲಿಲ್ಲ. ಬಿಡಬ್ಯಾಡ ಅಂದದ್ದೂ ಅಷ್ಟೇ. ಹಗ್ಗ ಬಿಚ್ಚಿ ಬಿಡಬೇಡ ಎಂದು ನಾವು ನಕ್ಕೆವು, ಎಂಜಿನ್ನಿಗೆ ಹಾಕದೆ ಬಿಡಬೇಡ ಎಂದು ಅವರು ಹೇಳುತ್ತಿದ್ದರು. ನನ್ನ ಮೇಲೆಯೇ ಸಿಟ್ಟು ಬಂತು, ನಗುವೂ ಬಂತು.

ಜಮಖಂಡಿಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ. ಹೆಸರೇನೋ ಗೊತ್ತಾಯಿತು, ಆ ಎಂಜಿನ್ನಿನಲ್ಲಿ ಅದಕ್ಕೇನು ಕೆಲಸ? ಅಲ್ಲಿ ತಿರುಗುವ ಯಾವ ವಸ್ತುವನ್ನು ಒಂದು ದಿಕ್ಕಿಗೆ ತಡೆಯಬೇಕಿತ್ತು? ಕಿಕ್ಕಿಗೆ ಅದರದೇ ವ್ಯವಸ್ಥೆ ಇದೆ. ಕ್ಲಚ್ಚಿಗೆ ಬೇಕಿಲ್ಲ. ಉಳಿದದ್ದು ಗೇರಿನ ಉರುಳೆ. ಆಗ ಸ್ಟಾರ್ ಪ್ಲೇಟಿನ ಹಿತ್ತಾಳೆ ಗುಬುಟು ನೆನಪಾಯಿತು. ಅದು ಬಿರುಕು ಮುಚ್ಚಿದ್ದಲ್ಲ, ಒಂದೇ ಒಂದು ಹಲ್ಲು. ಅಂದರೆ ಮುದುಕರು ಒಂದೇ ಜಾಗದಲ್ಲಿ ಉರುಳೆಯನ್ನು ನಿಲ್ಲಿಸಿದ್ದರು. ಯಾವ ಜಾಗ ಎಂಬುದು ಎಂಜಿನ್ ಬಿಚ್ಚದೆ ಹೇಳಲು ಬರುವಂತಿರಲಿಲ್ಲ.

ಗ್ಯಾರೇಜು ಮುಟ್ಟಿದಾಗ ಆಕೆ ಆಗಲೇ ಬಂದಿದ್ದಳು. ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಬುಟ್ಟಿ ಗಾಡಿಯ ಮೇಲೆ ಏರಿತ್ತು, ಪಾಲುದಾರ ಹಗ್ಗ ಬಿಗಿಯುತ್ತಿದ್ದ. ಇಲ್ಲಿಂದ ನೇರವಾಗಿ ಬೀಳಗಿಯ ಮದುವೆ ಮನೆಗೆ ಹೊರಟಿದ್ದಳು.

"ಅಕ್ಕಾರ, ಒಂದು ಮಾತು ಹೇಳ್ರಿ" ಅಂದೆ. "ಗಾಡಿ ಹೊಡಿಯೂ ಮುಂದ ಗೇರು ಹೆಂಗ ಹಾಕ್ತೀರಿ?"

"ಹೆಂಗಂದ್ರ? ಎಲ್ಲಾರೂ ಹಾಕಿದಂಗ."

"ನಾಕನೇ ಗೇರು ಬಿತ್ತು ಅಂತ ನಿಮಗ ಹೆಂಗ ಗೊತ್ತಾಗತೈತಿ?"

ಆಕೆಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ನಾ ಎಣಸೂದಿಲ್ರಿ. ಒತ್ತಕೋತ ಹೋಗೂದು. ಇನ್ನ ಒತ್ತಾಕ ಬರೂದಿಲ್ಲ ಅಂದ್ರ ಅದ ಟಾಪು. ನಡುವನೂ ಒಮ್ಮೊಮ್ಮೆ ಒತ್ತಿ ನೋಡತೇನಿ, ಬಿದ್ದೈತಿಲ್ಲೋ ಅಂತ."

ನಾಲ್ಕನೇ ಗೇರು ತಾನಾಗಿ ಜಾರುತ್ತಲೇ ಇರಲಿಲ್ಲ. ಆಕೆಯ ಕಾಲೇ ಅದನ್ನು ಮುಂದಕ್ಕೆ ದಾಟಿಸುತ್ತಿತ್ತು. ನಾಯಿ ಇದ್ದಷ್ಟು ದಿನ ಪೆಡಲು ಅಲ್ಲಿ ನಿಲ್ಲುತ್ತಿತ್ತು. ನಾಯಿ ಕಳಚಿ ಬಿದ್ದ ಮೇಲೆ ಅದೇ ಒತ್ತಿಗೆ ಗೇರು ನ್ಯೂಟ್ರಲ್ಲಿಗೆ ಹೋಗಿ ಎಂಜಿನ್ ಒದರಿದೆ, ಆಕೆ ಹೆದರಿ ಅಂಚಿಗೆ ತೆಗೆದುಕೊಂಡು ನಿಲ್ಲಿಸಿದ್ದಾಳೆ. ಆ ಹೆದರಿಕೆಯೇ ಆಕೆಯನ್ನು ಉಳಿಸಿತ್ತು. ಹೆದರದೆ ಇನ್ನೊಮ್ಮೆ ಒತ್ತಿದ್ದರೆ, ಆ ವೇಗದಲ್ಲಿ ಒಂದನೇ ಗೇರು ಬಿದ್ದು ಹಿಂದಿನ ಗಾಲಿ ತಿರುಗದೆ ಒಮ್ಮೆಲೇ ಕಟ್ಟಿಕೊಳ್ಳುತ್ತಿತ್ತು. ಹಿಂದೆ ಕಬ್ಬಿನ ಟ್ರ್ಯಾಕ್ಟರು. ನಾನು ಹಾಕಿದ ಹೊಸ ಸ್ಪ್ರಿಂಗು ಇದಕ್ಕೆ ಏನೂ ಮಾಡುವಂತಿರಲಿಲ್ಲ. ಗೇರು ಈಗ ಇನ್ನೂ ಚೊಕ್ಕವಾಗಿ ಬೀಳುತ್ತಿತ್ತು, ಅಷ್ಟೇ.

ನಾನು ಬುಟ್ಟಿಯ ಹಗ್ಗ ಬಿಚ್ಚತೊಡಗಿದೆ.

"ಏನ ಮಾಡಾಕತ್ತೀರಿ?" ಅಂದಳು.

"ಗಾಡಿ ಇವತ್ತ ಕೊಡೂದಿಲ್ರಿ. ಎಂಜಿನ್ ಮತ್ತ ಬಿಚ್ಚಬೇಕು."

"ನಿನ್ನೆ ನೀವ ರೆಡಿ ಐತಿ ಅಂದ್ರಿ. ಅಲ್ಲಿ ಪಂಗತಿಗೆ ಕೂಡತಾರು. ನಾ ರೊಟ್ಟಿ ತಲಿಮ್ಯಾಲ ಹೊತ್ತಗೊಂಡ ಹೋಗಲೇನು?"

ಆಕೆ ಸಿಟ್ಟಾದದ್ದು ಸರಿಯಾಗಿಯೇ ಇತ್ತು. ವಿಷಯವನ್ನು ತಿಳಿಸಿ ಹೇಳಿದೆ. ಕೇಳಿದಳು. ಹಾಗಾದರೆ ಇವತ್ತೊಂದು ದಿನ ಎಣಿಸಿಯೇ ಹಾಕುತ್ತೇನೆ, ನಾಲ್ಕು ಎಣಿಸಲು ನನಗೆ ಬರುವುದಿಲ್ಲವೇ ಅಂದಳು.

"ಕೊಟ್ಟ ಕಳಸಲೇ" ಎಂದು ಪಾಲುದಾರ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ. "ಅಕಿ ಎಣಸ್ತೇನಿ ಅಂತಾಳಲ್ಲ. ಗಿರಾಕಿ ಹೋಗತೈತಿ ಮತ್ತ."

ಅವನು ಹೇಳಿದ್ದರಲ್ಲಿ ಹುರುಳಿತ್ತು, ನಾನೂ ಒಂದು ಗಳಿಗೆ ಅನುಮಾನಿಸಿದೆ. ಆದರೆ ಎಣಿಸುವುದು ತಲೆ, ಒತ್ತುವುದು ಕಾಲು. ಎದುರಿಗೆ ಟ್ರ್ಯಾಕ್ಟರು ಬಂದು, ಬುಟ್ಟಿ ವಾಲಿ, ಬಿಸಿಲು ಕಣ್ಣಿಗೆ ಹೊಡೆಯುತ್ತಿರುವಾಗ ತಲೆ ಎಣಿಕೆ ಬಿಟ್ಟುಬಿಡುತ್ತದೆ, ಕಾಲು ತನ್ನ ರೂಢಿ ಬಿಡುವುದಿಲ್ಲ. ಹಾಗಾಗಿ ಹಗ್ಗ ಪೂರ್ತಿ ಬಿಚ್ಚಿ ಬುಟ್ಟಿಯನ್ನು ಪಾಲುದಾರನ ಸ್ವಂತ ಸ್ಕೂಟರಿನ ಮೇಲೆ ಇಟ್ಟೆ.

"ಬೀಳಗಿಗೆ ನೀ ಹೋಗು" ಅಂದೆ ಅವನಿಗೆ.

"ಇದರ ಗಾಲಿ ಸಣ್ಣು. ರೊಟ್ಟಿ ಪುಡಿ ಆಗತಾವು."

"ಸಾವಕಾಶ ಹೋಗು."

ಅವನು ಗೊಣಗುತ್ತ ಹೋದ.

ಆಕೆ ಒಂದು ಸ್ಟೂಲಿನ ಮೇಲೆ ಕೂತು, ನಾನು ಮತ್ತೆ ಆಯಿಲ್ ಇಳಿಸುವುದನ್ನೂ ಹೊಸ ಪ್ಯಾಕಿಂಗು ಹರಿಯುವುದನ್ನೂ ಮುಖ ಗಂಟಿಕ್ಕಿ ನೋಡುತ್ತಿದ್ದಳು. ಕ್ಲಚ್ಚು ಹೊರಗೆ ಬಂದ ಮೇಲೆ ಗೇರಿನ ಉರುಳೆಯನ್ನು ಕೈಯಿಂದ ಒಂದೊಂದೇ ಗೇರಿಗೆ ತಿರುಗಿಸಿದೆ. ನಾಲ್ಕನೇ ಗೇರಿನಲ್ಲಿ ಹಿತ್ತಾಳೆ ಗುಬುಟು ಸರಿಯಾಗಿ ಮೇಲಕ್ಕೆ ಬಂದು ನಿಂತಿತು. ಅದರ ಎದುರಿಗೆ ಕೇಸಿನ ಗೋಡೆಯಲ್ಲಿ ಹೆಪ್ಪುಗಟ್ಟಿದ ಕರಿಯ ರಾಡಿಯನ್ನು ಕೆರೆದಾಗ ಒಂದು ಬೋಲ್ಟಿನ ತುಂಡು ಕಾಣಿಸಿತು. ತಲೆ ಮುರಿದು ಹೋಗಿತ್ತು, ಬುಡ ಒಳಗೇ ಉಳಿದಿತ್ತು. ನಾಯಿಯನ್ನು ಕಟ್ಟಿದ ಗೂಟ ಅದು. ಮೊದಲ ಸಲವೇ ಅಲ್ಲಿ ಕೆರೆದು ನೋಡಬೇಕಿತ್ತು.

ಮುರಿದ ಬೋಲ್ಟು ತೆಗೆಯುವ ಕೆಲಸ ಯಾವ ಮಿಸ್ತ್ರಿಗೂ ಪ್ರೀತಿಯದಲ್ಲ. ಕೇಸು ಅಲ್ಯೂಮಿನಿಯಮ್ಮು, ಬೋಲ್ಟು ಉಕ್ಕು. ಡ್ರಿಲ್ಲು ಒಂದು ಕೂದಲೆಳೆ ಅತ್ತಿತ್ತ ಸರಿದರೂ ಕೇಸು ಹಾಳು. ನಡುವಿಗೆ ಚುಕ್ಕೆ ಹೊಡೆದು ಸಣ್ಣ ತೂತು ಕೊರೆದೆ, ಎಡಕ್ಕೆ ತಿರುಗುವ ಎಕ್ಸ್‌ಟ್ರಾಕ್ಟರ್ ಹಾಕಿದೆ. ಬರಲಿಲ್ಲ. ಕೇಸಿಗೆ ಬೆಂಕಿಯ ಶಾಖ ಕೊಟ್ಟು ಮತ್ತೆ ತಿರುಗಿಸಿದೆ. ಕಿರ್ ಎಂದು ಸದ್ದು ಮಾಡಿ ಹೊರಗೆ ಬಂತು. ಸ್ಟೂಲಿನ ಮೇಲಿನವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ತುಂಡಿನ ಮೊಂಡು ಮೂತಿಯನ್ನು ಅರದಿಂದ ಉಜ್ಜಿ ಚೂಪು ಮಾಡಿದೆ, ಗುಬುಟಿನ ಅಂಚನ್ನೂ ತಿದ್ದಿದೆ. ತುಂಡನ್ನು ಹೊಸ ಬೋಲ್ಟಿನಿಂದ ಕೇಸಿಗೆ ಕೂರಿಸಿ, ಅದನ್ನು ಎಳೆದು ಹಿಡಿಯುವ ಸ್ಪ್ರಿಂಗಿಗೆ ಮೊದಲು ಬ್ರೇಕ್ ಶೂವಿನದನ್ನು ಹಾಕಿದೆ. ಅದರ ಎಳೆತ ಎಷ್ಟು ಬಿಗಿಯಿತ್ತೆಂದರೆ ಉರುಳೆ ತಿರುಗುವುದೇ ಕಷ್ಟವಾಯಿತು. ಬಿಚ್ಚಿ, ಬ್ರೇಕ್ ಲೈಟಿನ ಸ್ವಿಚ್ಚಿಗೆ ಇರುವ ಸಣ್ಣ ಸ್ಪ್ರಿಂಗನ್ನು ಹಾಕಿದೆ. ಅದು ಹೊಂದಿತು. ಆದರೆ ಕ್ಲಚ್ಚು ಕೂರಿಸಿದಾಗ ಅದರ ಬುಟ್ಟಿಯಂಥ ಹೊರಭಾಗ ಹೊಸ ಬೋಲ್ಟಿನ ತಲೆಗೆ ಉಜ್ಜುತ್ತಿತ್ತು. ಮತ್ತೆ ಎಲ್ಲ ತೆಗೆದು ಬೋಲ್ಟಿನ ತಲೆಯನ್ನು ಅರ್ಧಕ್ಕೆ ಉಜ್ಜಿ ಇಳಿಸಿದೆ. ಮೊದಲು ಇದ್ದ ಬೋಲ್ಟಿನ ತಲೆಯೂ ಹೀಗೆಯೇ ತೆಳ್ಳಗಿದ್ದಿರಬೇಕು, ಅದಕ್ಕೇ ಕೊನೆಗೆ ಮುರಿದಿರಬೇಕು. ಹಾಗಾಗಿ ಅದನ್ನು ಬಿಟ್ಟು, ಗಟ್ಟಿ ಜಾತಿಯ ಬೋಲ್ಟೊಂದನ್ನು ಅಷ್ಟೇ ಉಜ್ಜಿ ಹಾಕಿದೆ. ಅಷ್ಟರಲ್ಲಿ ಸಾವಳಗಿಯ ಬಸ್ಸಿನ ಹೊತ್ತಾಯಿತು. ನಾಳೆ ಗಾಡಿಯನ್ನು ನಾನೇ ತಂದು ಮುಟ್ಟಿಸುತ್ತೇನೆ ಅಂದೆ. ಆಕೆ ತಲೆಯಾಡಿಸಿ ಹೋದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಎಂಜಿನ್ ಮುಚ್ಚಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಹಿಂದಿನ ಗಾಲಿ ತಿರುಗಿಸಿದೆ. ನಾಲ್ಕನೇ ಗೇರಿನಲ್ಲಿ ಪೆಡಲು ಒತ್ತಿದರೆ ಕಲ್ಲು ಒತ್ತಿದಂತೆ ನಿಂತಿತು. ಹಿಮ್ಮಡಿಯಿಂದ ಹಿಂದಕ್ಕೆ ಒತ್ತಿದರೆ ಮೂರು, ಎರಡು, ಒಂದು ಎಂದು ಸಲೀಸಾಗಿ ಇಳಿಯಿತು.

ಮರುದಿನ ಸಾವಳಗಿಗೆ ಹೋದೆ. ಮನೆಯ ಮುಂದೆ ಬೇವಿನ ಮರದ ನೆರಳಲ್ಲಿ ಮುದುಕರು ಕೂತಿದ್ದರು. ನಾನು ಯಾರೆಂದು ಸೊಸೆ ಅವರ ಕಿವಿಯಲ್ಲಿ ಕೂಗಿ ಹೇಳಿದಳು. ಅವರು ನನಗೆ ಕೈ ಮುಗಿದು ಗಾಡಿಯ ಕಡೆ ತಿರುಗಿದರು.

"ಅಕ್ಕಾರ, ನೀವ ಹೊಡೀರಿ. ನಾ ಹಿಂದ ಕೂಡತೇನಿ" ಅಂದೆ. ಬುಟ್ಟಿ ಇರುವ ಜಾಗದಲ್ಲಿ ನಾನು ಕೂತೆ. ಎಷ್ಟೋ ವರ್ಷ ಗಾಡಿ ರಿಪೇರಿ ಮಾಡಿದ್ದೇನೆ, ಅಷ್ಟು ಹೆದರಿ ಯಾವ ಗಾಡಿಯ ಮೇಲೂ ಕೂತಿರಲಿಲ್ಲ. ಊರು ದಾಟಿ ಜಮಖಂಡಿ ರಸ್ತೆಗೆ ಬಿದ್ದ ಮೇಲೆ ಆಕೆ ವೇಗ ಹೆಚ್ಚಿಸಿದಳು. ನಾನು ಬಗ್ಗಿ ಆಕೆಯ ಎಡಗಾಲನ್ನೇ ನೋಡುತ್ತಿದ್ದೆ. ನಾಲ್ಕನೇ ಗೇರು ಬಿತ್ತು. ಒಂದು ಟ್ರ್ಯಾಕ್ಟರನ್ನು ದಾಟುವಾಗ ಕಾಲು ತಾನಾಗಿ ಪೆಡಲಿನ ಮೇಲೆ ಹೋಗಿ ಒತ್ತಿತು. ಪೆಡಲು ನಿಂತಿತು. ದಾಟಿದ ಮೇಲೆ ಮತ್ತೆ ಒತ್ತಿತು, ಮತ್ತೆ ನಿಂತಿತು. ನಿನ್ನೆ ಅಷ್ಟು ವಿವರಿಸಿ ಹೇಳಿದ ಮೇಲೂ, ಎಣಿಸುತ್ತೇನೆ ಎಂದು ಆಕೆಯೇ ಹೇಳಿದ ಮೇಲೂ, ತಾನು ಒತ್ತುತ್ತಿದ್ದೇನೆ ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ನಿನ್ನೆ ಗಾಡಿ ಕೊಟ್ಟು ಕಳಿಸಿದ್ದರೆ ಎಂದು ಯೋಚಿಸಿ ನಾನು ಸೀಟಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ತಿರುಗಿ ಬಂದು ಗಾಡಿ ನಿಲ್ಲಿಸಿದಾಗ ಆಕೆ, "ಏನ ಮಾಡೀರಿ ಅಂತ ಗೊತ್ತಾಗಲಿಲ್ಲ ನೋಡ್ರಿ. ಮೊದಲ ಹೆಂಗಿತ್ತೋ ಹಂಗ ಐತಿ" ಅಂದಳು.

ಮುದುಕರು ಎದ್ದು ಬಂದರು. ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಿಂದ ಗಾಲಿ ತಿರುಗಿಸುತ್ತ ಇನ್ನೊಂದು ಕೈಯಿಂದ ಗೇರಿನ ಪೆಡಲು ಒತ್ತಿ ಒತ್ತಿ ನೋಡಿದರು. ನಾಲ್ಕರಲ್ಲಿ ಅದು ನಿಂತಾಗ ತಲೆಯಾಡಿಸಿದರು.

ನಾನು ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದೆ. "ಕಾಕಾ, ಇದನ್ನ ಯಾಕ ಮಾಡಿದ್ರಿ? ಗಾಡಿ ನಿಮ್ಮ ಕೈಯಾಗ ಇದ್ದಾಗ ಇದು ಇತ್ತೇನು?"

"ನನಗ್ಯಾಕ ಬೇಕದು? ನನಗ ಎಣಿಸಾಕ ಬರತೈತಿ" ಅಂದರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಸೊಸೆ ಅಲ್ಲೇ ನಿಂತಿದ್ದಾಳೆ ಎಂಬ ಲಕ್ಷ್ಯವಿಲ್ಲದೆ ಹೇಳತೊಡಗಿದರು. "ಕಬ್ಬ ಕಡದ ಹೊಲದಾಗ ಇಕಿಗೆ ಕಲಸಿದ್ನಿ. ಟಾಪ್ ಬಿದ್ದಮ್ಯಾಲೂ ಒತ್ತೂದ ಬಿಡಲಿಲ್ಲ. ಒಮ್ಮೆ ಹೇಳಿದ್ನಿ, ಎರಡ ಸಲ ಹೇಳಿದ್ನಿ. ಇನ್ನೊಮ್ಮೆ ಹೇಳಿದ್ರ ನನಗ ಬರೂದಿಲ್ಲ ಅಂತ ಗಾಡಿ ಅಲ್ಲೇ ಬಿಟ್ಟ ಹೋಗತಿದ್ಲು, ಮತ್ತ ಮುಟ್ಟತಿದ್ದಿಲ್ಲ. ಅಕಿ ಕಾಲ ತಿದ್ದೂದಕಿಂತ ಎಂಜಿನ್ ತಿದ್ದೂದು ಸಲೀಸ ಅನಸ್ತು."

ಸೊಸೆಯ ಕೈಯಲ್ಲಿ ಗಾಡಿಯ ಬೀಗದ ಕೈ ಇತ್ತು. ಅದನ್ನು ಹಾಗೇ ಹಿಡಿದುಕೊಂಡು ಮಾವನನ್ನು ನೋಡಿದಳು.

"ನನಗ ಯಾಕ ಹೇಳಲಿಲ್ರಿ ಮಾವಾ?" ಅಂದಳು. ದನಿ ಬಹಳ ಸಣ್ಣದಾಗಿತ್ತು.

ಅವರಿಗೆ ಕೇಳಿಸಲಿಲ್ಲ. ಪೆಡಲಿನ ಬುಡಕ್ಕೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. ನಾನು ಆ ಮಾತನ್ನು ಅವರ ಕಿವಿಯಲ್ಲಿ ಕೂಗಿ ಹೇಳಲು ಬಗ್ಗಿದೆ. ಆಕೆ ಕೈಯೆತ್ತಿ ಬೇಡ ಅಂದಳು.